ಉಣ್ಣದೆ ಉಳಿದ ಬುತ್ತಿ

(ಶ್ರಾವಣ ಮಾಸದ ಪ್ರವಚನ)



ನಿನ್ನೆ ಅರುಹು ಮತ್ತು ಕುರುಹು ಎಂಬ ಎರಡು ಮಾತುಗಳನ್ನು ಹಿಡಿದು ವಿಚಾರ ಮಾಡಿದ್ದೆವು. ಅರುಹು ಎಂದರೆ ತಿಳಿವು. ಕುರುಹು ಎಂದರೆ ಆ ತಿಳಿವಿನ ಕಡೆಗೆ ನಮ್ಮನ್ನು ಕರೆದೊಯ್ಯುವ ಗುರುತು. ಗುರುವು ಇಷ್ಟಲಿಂಗವನ್ನು ಕರಸ್ಥಲಕ್ಕೆ ಕೊಟ್ಟದ್ದು ಏತಕ್ಕೆ? ಎಲ್ಲೆಂದರಲ್ಲಿ ಅಲೆಯುವ ಮನಸ್ಸು ಅಂಗೈಯಗಲದ ಒಂದು ಸ್ಥಳದಲ್ಲಿ ನಿಲ್ಲಲಿ ಎಂದು. ದೃಷ್ಟಿ ನಿಂತರೆ ಮನಸ್ಸು ನಿಲ್ಲುತ್ತದೆ, ಮನಸ್ಸು ನಿಂತರೆ ಅರುಹು ಮೂಡುತ್ತದೆ. ದೊಡ್ಡದೊಂದು ಗುಡ್ಡವನ್ನು ತೋರಿಸಿ ಇದನ್ನು ಧ್ಯಾನಿಸು ಎಂದು ಗುರು ಹೇಳಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟನ್ನೇ ಕೊಟ್ಟ.

ಇಂದು ಅದೇ ವಿಷಯವನ್ನು ಇನ್ನೊಂದು ದಿಕ್ಕಿಗೆ ತಿರುಗಿಸೋಣ. ಅದಕ್ಕೆ ಕಾರಣ ನಮ್ಮ ಪ್ರಸಾದ ನಿಲಯದ ಹುಡುಗರು. ಆಗಸ್ಟ್ 6, ಹಿರೋಶಿಮಾದ ದಿವಸ. ಆ ದಿನ ಶಾಲೆಯಲ್ಲಿ ಯುದ್ಧದಲ್ಲಿ ಮಡಿದ ಮಕ್ಕಳ ಸ್ಮರಣೆಗೆ ಒಂದು ಪ್ರದರ್ಶನ ಏರ್ಪಡಿಸಬೇಕೆಂದು ಅವರ ಗುರುಗಳು ಹೇಳಿದ್ದಾರೆ. ಎಂಟು ಹತ್ತು ಹುಡುಗರು ಮೊನ್ನೆ ಸಂಜೆ ಬಂದು ಕುಳಿತರು. "ಅಜ್ಜಾರ, ಪ್ರದರ್ಶನದಾಗ ಏನೇನ ಇಡಬೇಕ್ರಿ?" ಎಂದು ಕೇಳಿದರು. ನೀವು ಏನು ಇಡಬೇಕೆಂದು ಮಾಡಿದ್ದೀರಿ ಎಂದು ನಾವು ಕೇಳಿದೆವು. ದೊಡ್ಡ ಹಾಳೆಯ ಮೇಲೆ ಅಣಬೆಯ ಆಕಾರದ ಹೊಗೆಯ ಮೋಡವನ್ನು ಬರೆದಿದ್ದರು, ಬಣ್ಣ ಬಹಳ ಚೆನ್ನಾಗಿ ತುಂಬಿದ್ದರು. ಇನ್ನೊಂದು ಹಾಳೆಯಲ್ಲಿ ಬಾಂಬಿನ ಚಿತ್ರ, ಅದರ ಉದ್ದ, ಅದರ ತೂಕ. ಮೂರನೆಯದರಲ್ಲಿ ಸತ್ತವರ ಸಂಖ್ಯೆ. ಬಾಂಬಿಗೆ ಇಟ್ಟ ಹೆಸರು ಕೂಡ ಅವರಿಗೆ ಬಾಯಿಪಾಠ. 'ಲಿಟಲ್ ಬಾಯ್', ಅಂದರೆ ಪುಟ್ಟ ಹುಡುಗ! ಮನುಷ್ಯನ ಬುದ್ಧಿ ಎಲ್ಲಿಗೆ ಹೋಗುತ್ತದೆ ನೋಡಿ, ಊರನ್ನು ಸುಡುವ ಯಂತ್ರಕ್ಕೆ ಪುಟ್ಟ ಹುಡುಗನೆಂದು ಹೆಸರು. ಅಲ್ಲಿ ಸತ್ತ ಪುಟ್ಟ ಹುಡುಗರಲ್ಲಿ ಒಬ್ಬನ ಹೆಸರಾದರೂ ಗೊತ್ತೇನು ಎಂದು ಕೇಳಿದೆವು. ಯಾರಿಗೂ ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ. ನಮ್ಮ ಪುಸ್ತಕಗಳೇ ಹಾಗಿವೆ.

ಆ ಮೋಡದ ಚಿತ್ರದ ಬಗ್ಗೆ ಒಂದು ಮಾತು. ಜಗತ್ತಿನಲ್ಲೆಲ್ಲ ಪ್ರಸಿದ್ಧವಾದ ಆ ಚಿತ್ರವನ್ನು ತೆಗೆದದ್ದು ಎಲ್ಲಿಂದ? ಬಾಂಬು ಹಾಕಿದವರ ವಿಮಾನದಿಂದ. ಮೇಲಿನಿಂದ ನೋಡಿದರೆ ಹೊಗೆ ಕಾಣುತ್ತದೆ, ಸುತ್ತಲಿನ ಆಕಾಶ ಕಾಣುತ್ತದೆ, ನೋಡುವುದಕ್ಕೆ ಒಂದು ತರಹ ಭವ್ಯವಾಗಿಯೂ ಕಾಣುತ್ತದೆ. ಅದರ ಕೆಳಗೆ ಯಾರಿದ್ದರು ಎಂಬುದು ಮಾತ್ರ ಕಾಣುವುದಿಲ್ಲ. ಮಕ್ಕಳ ಸ್ಮರಣೆಗಾಗಿ ಪ್ರದರ್ಶನ ಮಾಡುವವರು ವಿಮಾನದಲ್ಲಿ ಕುಳಿತು ನೋಡಬಾರದು, ನೆಲಕ್ಕೆ ಇಳಿಯಬೇಕು. ಆ ಹಾಳೆಯನ್ನು ಬಿಡಿ ಎಂದು ಹುಡುಗರಿಗೆ ಹೇಳಿದೆವು. ಬಣ್ಣ ಹಾಕಿದ ಹುಡುಗನ ಮುಖ ಸ್ವಲ್ಪ ಸಪ್ಪಗಾಯಿತು. ಅವನಿಗೆ ಬೇರೆ ಕೆಲಸ ಕೊಟ್ಟಿದ್ದೇವೆ.

ಈಗ ನೆಲಕ್ಕೆ ಇಳಿಯೋಣ. 1945ನೆಯ ಇಸವಿ, ಆಗಸ್ಟ್ 6, ಸೋಮವಾರ, ಬೆಳಿಗ್ಗೆ 8 ಗಂಟೆ 15 ನಿಮಿಷ. ಊರಿನ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿ ಬಾಂಬು ಸಿಡಿಯಿತು. ಆ ವರ್ಷ ಮುಗಿಯುವ ಹೊತ್ತಿಗೆ ಸತ್ತವರು ಸುಮಾರು 1,40,000. ಇದರಲ್ಲಿ ಶಾಲೆಯ ಮಕ್ಕಳು ಬಹಳ. ಬೆಳಗಿನ ಎಂಟು ಗಂಟೆಗೆ ಅಷ್ಟೊಂದು ಮಕ್ಕಳು ಊರ ನಡುವೆ ಬಯಲಿನಲ್ಲಿ ಏಕಿದ್ದರು? ಇದನ್ನು ಬಹಳ ಜನ ಕೇಳುವುದಿಲ್ಲ. ವೈರಿಯ ವಿಮಾನ ಬಂದು ಬೆಂಕಿ ಹಚ್ಚಿದರೆ ಅದು ಮನೆಯಿಂದ ಮನೆಗೆ ಹಬ್ಬಬಾರದೆಂದು ಜಪಾನಿನ ಸರಕಾರ ಸಾಲು ಸಾಲು ಮನೆಗಳನ್ನು ಕೆಡವಿಸಿ ನಡುವೆ ಬಯಲು ಮಾಡಿಸುತ್ತಿತ್ತು. ದೊಡ್ಡವರು ಯುದ್ಧಕ್ಕೆ ಹೋಗಿದ್ದರು, ಕಾರ್ಖಾನೆಗೆ ಹೋಗಿದ್ದರು. ಕೆಡವಿದ ಮನೆಯ ಹೆಂಚು ಮರಮುಟ್ಟು ಹೊರುವುದಕ್ಕೆ ಹನ್ನೆರಡು ಹದಿಮೂರು ವರುಷದ ಮಕ್ಕಳನ್ನು ಶಾಲೆಯಿಂದ ಕರೆತಂದರು. ಅಂದು ಬೆಳಿಗ್ಗೆ ಹಾಗೆ ಕೆಲಸಕ್ಕೆ ಬಂದ ಮಕ್ಕಳು ಎಂಟು ಸಾವಿರಕ್ಕೂ ಮೇಲ್ಪಟ್ಟು. ಅವರಲ್ಲಿ ಸತ್ತವರು ಆರು ಸಾವಿರದ ಆಸುಪಾಸು.

ಇದು ಸಂಖ್ಯೆ. ಆರು ಸಾವಿರ ಎಂದಾಗ ನಿಮ್ಮ ಕಣ್ಣಲ್ಲಿ ನೀರು ಬಂತೇ? ಬರಲಿಲ್ಲ. ಬರುವುದೂ ಇಲ್ಲ. ಮನಸ್ಸಿಗೆ ಅಷ್ಟನ್ನು ಹಿಡಿಯುವ ಶಕ್ತಿ ಇಲ್ಲ. ಜೋಳದ ರಾಶಿಯನ್ನು ನೋಡಿದಂತೆ ನೋಡುತ್ತೇವೆ, ಮುಂದೆ ಹೋಗುತ್ತೇವೆ.

ಆ ಮಕ್ಕಳಲ್ಲಿ ಶಿಗೇರು ಎಂಬುವನೊಬ್ಬ. ಶಿಗೇರು ಒರಿಮೆನ್, ಹದಿಮೂರು ವರ್ಷ, ಹೈಸ್ಕೂಲಿನ ಮೊದಲನೆಯ ತರಗತಿ. ಅಂದು ಮುಂಜಾನೆ ತಾಯಿ ಅವನಿಗೆ ಬುತ್ತಿ ಕಟ್ಟಿಕೊಟ್ಟಳು. ಯುದ್ಧದ ಕಾಲ, ಅಕ್ಕಿಗೆ ಬರ. ಸ್ವಲ್ಪ ಅಕ್ಕಿ, ಅದಕ್ಕೆ ಜವೆ ಮತ್ತು ಸೋಯಾ ಕಾಳು ಬೆರೆಸಿ ಮಾಡಿದ ಅನ್ನ, ಜೊತೆಗೆ ಸಣ್ಣಗೆ ಹೆಚ್ಚಿ ಹುರಿದ ಆಲೂಗಡ್ಡೆ. ಹೊಸದಾಗಿ ಹದ ಮಾಡಿದ ಹೊಲದ ಮೊದಲ ಬೆಳೆ ಅದರಲ್ಲಿತ್ತು. ಹೊಸ ಬೆಳೆಯ ಊಟ ಎಂದು ಹುಡುಗ ಸಂತೋಷದಿಂದ ಡಬ್ಬಿ ತೆಗೆದುಕೊಂಡು ಹೋದ. ಬಾಂಬು ಬಿದ್ದ ಮೇಲೆ ತಾಯಿ ಮಗನನ್ನು ಹುಡುಕುತ್ತ ಹೊರಟಳು. ಆಗಸ್ಟ್ 9ರಂದು, ಸುಟ್ಟ ದೇಹಗಳ ನಡುವೆ ಅವಳಿಗೆ ಮಗ ಸಿಕ್ಕ. ಮುಖದಿಂದ ಗುರುತು ಹಿಡಿಯುವ ಸ್ಥಿತಿ ಇರಲಿಲ್ಲ. ಹೊಟ್ಟೆಯ ಕೆಳಗೆ ಅವಚಿಕೊಂಡಿದ್ದ ಡಬ್ಬಿಯಿಂದ ಗುರುತು ಸಿಕ್ಕಿತು. ಮುಚ್ಚಳ ತೆಗೆದರೆ ಒಳಗಿನ ಅನ್ನ ಕರಿ ಇದ್ದಲಾಗಿತ್ತು. ಅವನು ಅದನ್ನು ಉಂಡಿರಲಿಲ್ಲ.

ತಾಯಂದಿರೇ, ಬುತ್ತಿ ಎಂದರೆ ಏನೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿಯುವವರು ನೀವು. ಮಗ ಶಾಲೆಗೆ ಹೋಗುತ್ತಾನೆಂದರೆ ಎರಡು ರೊಟ್ಟಿಯ ನಡುವೆ ಪಲ್ಯ, ಒಂದು ಮೂಲೆಯಲ್ಲಿ ಶೇಂಗಾ ಹಿಂಡಿ, ನಿನ್ನೆ ಕೇಳಿದ್ದನೆಂದು ಒಂದು ಚೂರು ಬೆಲ್ಲ. ಸಂಜೆ ಮಗ ಮನೆಗೆ ಬಂದ ಕೂಡಲೆ ನೀವು ಮೊದಲು ಮಾಡುವ ಕೆಲಸವೇನು? ಡಬ್ಬಿ ತೆಗೆದು ನೋಡುವುದು. ಉಳಿದಿದ್ದರೆ "ಯಾಕಪಾ, ಯಾಕ ಉಣಲಿಲ್ಲ?" ಎಂದು ಕೇಳುವುದು. ಆ ತಾಯಿಯೂ ಡಬ್ಬಿ ತೆಗೆದು ನೋಡಿದಳು.

ಪ್ರಸಾದ ಎಂಬ ಮಾತಿಗೆ ನಮ್ಮ ಧರ್ಮದಲ್ಲಿ ಎಂಥ ಸ್ಥಾನವಿದೆ ಎಂದು ನಿಮಗೆ ಗೊತ್ತು. ಒಂದು ಅಗುಳು ಚೆಲ್ಲಬಾರದೆಂದು ಪಂಕ್ತಿಯಲ್ಲಿ ಕುಳಿತ ಮಕ್ಕಳಿಗೆ ಕಲಿಸುತ್ತೇವೆ. ಇಲ್ಲಿ ಕಾಯಕದಿಂದ ಬೆಳೆದ ಅನ್ನ ಉಣ್ಣದೆ ಉಳಿಯಿತು, ಕಾಯಕದಿಂದ ಬೆಳೆಸಿದ ಮಗ ಉಳಿಯಲಿಲ್ಲ. ಆ ಡಬ್ಬಿ ಇಂದು ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಇದೆ.

ಈ ಸಂಗ್ರಹಾಲಯ ಹುಟ್ಟಿದ ಬಗೆಯನ್ನು ಸ್ವಲ್ಪ ಕೇಳಿ. ಶೋಗೋ ನಾಗಾಓಕಾ ಎಂಬ ಒಬ್ಬ ಭೂವಿಜ್ಞಾನಿ ಇದ್ದರು. ಅವರ ವಿದ್ಯೆ ಕಲ್ಲಿನದು. ಬಾಂಬು ಬಿದ್ದ ಮೇಲೆ ಊರಿಗೆ ಬಂದು ಕರಗಿದ ಹೆಂಚು, ಸುಟ್ಟ ಕಲ್ಲುಗಳನ್ನು ಆರಿಸತೊಡಗಿದರು. ಊರವರೆಲ್ಲ ಅವಶೇಷಗಳನ್ನು ಬಳಿದು ಎಸೆದು ಹೊಸ ಮನೆ ಕಟ್ಟುವ ಆತುರದಲ್ಲಿದ್ದಾಗ ಇವರು ಆ ಕಸವನ್ನೇ ಒಟ್ಟು ಮಾಡಿದರು. ನೋಡಿದವರಿಗೆ ವಿಚಿತ್ರವಾಗಿ ಕಂಡಿರಬೇಕು. 1955ರ ಆಗಸ್ಟಿನಲ್ಲಿ ಕೆಂಜೋ ತಾಂಗೆ ಎಂಬ ಶಿಲ್ಪಿ ಕಟ್ಟಿದ ಕಟ್ಟಡದಲ್ಲಿ ಸಂಗ್ರಹಾಲಯ ತೆರೆಯಿತು, ನಾಗಾಓಕಾ ಅವರೇ ಮೊದಲ ನಿರ್ದೇಶಕರಾದರು. ಆ ಮೇಲೆ ತಂದೆತಾಯಿಗಳು ಒಬ್ಬೊಬ್ಬರಾಗಿ ಬರತೊಡಗಿದರು. ಕೈಯಲ್ಲಿ ಮಗಳ ಹರಿದ ಅಂಗಿ, ಮಗನ ಟೋಪಿ, ಒಂದು ಕಾಲಿನ ಪಾದರಕ್ಷೆ. ಮನೆಯಲ್ಲಿ ಮಗುವಿನದೆಂದು ಉಳಿದದ್ದು ಅದೊಂದೇ.

ಕೊಡುವುದು ಸುಲಭವೆಂದು ತಿಳಿಯಬೇಡಿ. ಶಿನ್‌ಇಚಿ ಎಂಬ ಮಗುವಿಗೆ ನಾಲ್ಕು ವರ್ಷ ತುಂಬಲು ಒಂದು ತಿಂಗಳಿತ್ತು. ಬಾಂಬು ಸಿಡಿದಾಗ ಮನೆಯ ಮುಂದೆ ಮೂರು ಗಾಲಿಯ ಸೈಕಲ್ ಆಡುತ್ತಿದ್ದ. ಸಿಡಿದ ಸ್ಥಳದಿಂದ ಒಂದೂವರೆ ಕಿಲೋಮೀಟರ್ ದೂರ. ಅಂದು ರಾತ್ರಿಯೇ ತೀರಿಕೊಂಡ. ಅಷ್ಟು ಸಣ್ಣ ಮಗುವನ್ನು ದೂರದ ರುದ್ರಭೂಮಿಯಲ್ಲಿ ಒಂಟಿಯಾಗಿ ಮಲಗಿಸಲು ತಂದೆಗೆ ಮನಸ್ಸು ಬರಲಿಲ್ಲ. ಮನೆಯ ಹಿತ್ತಿಲಿನಲ್ಲಿಯೇ ಮಣ್ಣು ಮಾಡಿದ, ಜೊತೆಗೆ ಆ ಸೈಕಲ್ಲನ್ನೂ ಇಟ್ಟ. ಅಲ್ಲಿಯಾದರೂ ಆಡಲಿ ಎಂದೋ ಏನೋ. ನಲವತ್ತು ವರ್ಷ ಅದು ಮಣ್ಣಿನಲ್ಲಿತ್ತು. 1985ರಲ್ಲಿ ಮಗುವಿನ ಅಸ್ಥಿಯನ್ನು ಮನೆತನದ ಸಮಾಧಿಗೆ ಒಯ್ಯುವುದಕ್ಕೆ ಅಗೆದಾಗ ತುಕ್ಕು ಹಿಡಿದ ಸೈಕಲ್ಲು ಮೇಲೆ ಬಂತು. ತಂದೆ ಅದನ್ನು ಸಂಗ್ರಹಾಲಯಕ್ಕೆ ಕೊಟ್ಟ. ನಾವು ದಾಸೋಹದ ಬಗ್ಗೆ ಬಹಳ ಮಾತಾಡುತ್ತೇವೆ. ಉಳಿದದ್ದನ್ನು ಕೊಡುವುದು ಬೇರೆ. ಮಗನ ಎದೆಯ ಮೇಲಿಂದ ಎತ್ತಿದಂಥ ವಸ್ತುವನ್ನು ಪರರ ಮಕ್ಕಳು ಉಳಿಯಲಿ ಎಂದು ಕೊಡುವುದು ಬೇರೆ. ಆ ತಂದೆ ಶರಣರ ಹೆಸರು ಕೇಳಿದವನಲ್ಲ. ಆದರೂ ಅವನು ಮಾಡಿದ್ದಕ್ಕೆ ನಮ್ಮಲ್ಲಿ ದಾಸೋಹ ಎಂಬುದಕ್ಕಿಂತ ಬೇರೆ ಹೆಸರಿಲ್ಲ.

ಈಗ ಹುಡುಗರ ಪ್ರಶ್ನೆಗೆ ಹತ್ತಿರವಾದ ಒಂದು ಸಂಗತಿ. ಆ ಸಂಗ್ರಹಾಲಯದಲ್ಲಿ ಬಹಳ ವರ್ಷ ಆಳೆತ್ತರದ ಕೆಲವು ಗೊಂಬೆಗಳಿದ್ದವು. 1973ರಲ್ಲಿ ಮೇಣದವು ಬಂದವು, ಆಮೇಲೆ 1991ರಲ್ಲಿ ಪ್ಲಾಸ್ಟಿಕ್ಕಿನವು. ಸುಟ್ಟ ಚರ್ಮ ಜೋಲುತ್ತ, ಕೈ ಮುಂದೆ ಚಾಚಿಕೊಂಡು, ಬೆಂಕಿಯ ನಡುವೆ ನಡೆದು ಬರುವ ತಾಯಿ ಮಕ್ಕಳ ಗೊಂಬೆಗಳು. ಶಾಲೆಯ ಮಕ್ಕಳು ಅದನ್ನು ನೋಡಿ ಹೆದರುತ್ತಿದ್ದರು, ಊರಿಗೆ ಹೋದ ಮೇಲೂ ಮರೆಯುತ್ತಿರಲಿಲ್ಲ. 2017ರ ಏಪ್ರಿಲಿನಲ್ಲಿ ಅವನ್ನು ತೆಗೆದುಬಿಟ್ಟರು. ದೊಡ್ಡ ವಾದವೇ ನಡೆಯಿತು. ತೆಗೆಯಬೇಡಿ, ಹೆದರಿಕೆಯಾದರೂ ಆಗಲಿ, ಹೆದರಿದರೆ ನೆನಪಿಟ್ಟುಕೊಳ್ಳುತ್ತಾರೆ ಎಂದು ಕೆಲವರು. ಬಾಂಬಿನಲ್ಲಿ ಬೆಂದು ಬದುಕಿದವರಲ್ಲಿ ಕೆಲವರು ಹೇಳಿದರು: ನಾವು ಕಂಡದ್ದು ಇದಕ್ಕಿಂತ ಎಷ್ಟೋ ಘೋರ, ಈ ಗೊಂಬೆಯನ್ನು ನೋಡಿ ಇಷ್ಟೇ ಎಂದು ತಿಳಿದಾರು. ಕೊನೆಗೆ ನಿಜವಾದ ವಸ್ತುಗಳೇ ಮಾತಾಡಲಿ ಎಂದು ನಿರ್ಧಾರವಾಯಿತು. 2019ರಲ್ಲಿ ಹೊಸದಾಗಿ ಜೋಡಿಸಿ ತೆರೆದಾಗ ಕೆಲಸಕ್ಕೆ ಹೋಗಿದ್ದ ಆ ಶಾಲಾಮಕ್ಕಳ ಹರಿದ, ಸುಟ್ಟ ಬಟ್ಟೆಗಳನ್ನು ಒಂದು ಕೋಣೆಯ ನಡುವೆ ಒಟ್ಟಿಗೆ ಇಟ್ಟರು. ಬೇರೆ ವಸ್ತುಗಳ ಪಕ್ಕದಲ್ಲಿ, ಸಿಕ್ಕಷ್ಟು ಮಟ್ಟಿಗೆ, ಆ ಮಗುವಿನ ಹೆಸರು, ವಯಸ್ಸು, ಭಾವಚಿತ್ರ, ಮನೆಯವರು ಹೇಳಿದ ನಾಲ್ಕು ಮಾತು.

ಎರಡೂ ಕಡೆಯ ವಾದವನ್ನು ತೂಗಿ ನೋಡಿದರೆ ತೆಗೆದದ್ದೇ ಸರಿ ಎಂದು ನಮಗೆ ತೋರುತ್ತದೆ. ಭಯ ಒಂದು ರೀತಿಯ ಕುರುಹೇ ಸರಿ, ಆದರೆ ಅದು ಮನಸ್ಸನ್ನು ನಿಲ್ಲಿಸುವುದಿಲ್ಲ, ಓಡಿಸುತ್ತದೆ. ಗೊಂಬೆಯ ಮುಂದೆ ನಿಂತ ಮಗು ಕಣ್ಣು ಮುಚ್ಚಿಕೊಳ್ಳುತ್ತದೆ. ಬುತ್ತಿಯ ಮುಂದೆ ನಿಂತ ಮಗು ಇನ್ನೂ ಹತ್ತಿರ ಹೋಗಿ ಬಗ್ಗಿ ನೋಡುತ್ತದೆ. ಅದಕ್ಕೆ ತನ್ನ ಡಬ್ಬಿ ನೆನಪಾಗುತ್ತದೆ. ಇನ್ನೊಂದು ಮಾತೂ ಉಂಟು. ಸತ್ತ ಮಗುವಿನ ಬೆಂದ ದೇಹವನ್ನು ಬಂದವರಿಗೆಲ್ಲ ತೋರಿಸುವುದಕ್ಕೆ ನಮಗೆ ಅಧಿಕಾರ ಕೊಟ್ಟವರು ಯಾರು? ಅದರ ತಾಯಿ ಪಕ್ಕದಲ್ಲಿ ನಿಂತಿದ್ದಾಳೆ ಎಂದು ಭಾವಿಸಿ ಪ್ರತಿಯೊಂದು ಚಿತ್ರವನ್ನೂ ಆರಿಸಬೇಕು. ಅವಳು ಒಪ್ಪುವಳೇ? ಒಪ್ಪಿದರೆ ಇಡಿ.

ಚಿಕ್ಕ ಕುರುಹಿಗೆ ಎಷ್ಟು ಶಕ್ತಿ ಎಂಬುದನ್ನು ಬಲ್ಲವರು ಅದಕ್ಕೆ ಅಂಜುತ್ತಾರೆ. ಇದು ನಡೆದ ಸಂಗತಿ. ಯುದ್ಧ ಮುಗಿದು ಐವತ್ತು ವರ್ಷವಾದಾಗ, 1995ರಲ್ಲಿ, ಬಾಂಬು ಹಾಕಿದ 'ಎನೋಲಾ ಗೇ' ವಿಮಾನವನ್ನಿಟ್ಟು ಅಮೆರಿಕದ ರಾಜಧಾನಿಯ ವಿಮಾನ ಸಂಗ್ರಹಾಲಯದಲ್ಲಿ ಒಂದು ದೊಡ್ಡ ಪ್ರದರ್ಶನ ಮಾಡಬೇಕೆಂದು ಯೋಜಿಸಿದರು. ವಿಮಾನದ ಜೊತೆಗೆ ಹಿರೋಶಿಮಾದಿಂದ ಕೆಲವು ವಸ್ತುಗಳನ್ನೂ ತರಿಸಿ ಇಡುವ ವಿಚಾರ. ಅದರಲ್ಲಿ ಒಬ್ಬ ಶಾಲಾ ಹುಡುಗಿಯ ಬುತ್ತಿ ಡಬ್ಬಿಯೂ ಇತ್ತು. ಅನ್ನ, ಬಟಾಣಿ ಕಾಳು, ಸುಟ್ಟು ಕರಕಲಾದದ್ದು. ಗದ್ದಲವೆದ್ದಿತು. ಯುದ್ಧದಲ್ಲಿ ಹೋರಾಡಿದ ಹಳೆಯ ಸೈನಿಕರ ಸಂಘಗಳು ವಿರೋಧಿಸಿದವು, ಸೆನೆಟ್ ಸಭೆಯಲ್ಲಿ ನಿರ್ಣಯವಾಯಿತು. 1995ರ ಜನವರಿಯಲ್ಲಿ ಆ ಪ್ರದರ್ಶನವನ್ನೇ ಕೈಬಿಟ್ಟರು, ಮೇ ತಿಂಗಳಲ್ಲಿ ನಿರ್ದೇಶಕರು ರಾಜೀನಾಮೆ ಕೊಟ್ಟರು. ಜೂನಿನಲ್ಲಿ ವಿಮಾನದ ಒಡಲನ್ನು ಮಾತ್ರ ಇಟ್ಟು ತೋರಿಸಿದರು. ನೋಡಿ, ಅಷ್ಟು ದೊಡ್ಡ ವಿಮಾನ ಒಂದು ಕಡೆ, ಗೇಣಗಲದ ಡಬ್ಬಿ ಒಂದು ಕಡೆ. ತಕ್ಕಡಿ ಯಾವ ಕಡೆ ಬಾಗುತ್ತದೆ ಎಂಬುದು ವಿರೋಧಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಹಿರೋಶಿಮಾದ ವಸ್ತುಗಳಿಗೆ ಅದೇ ಊರಿನ ಒಂದು ವಿಶ್ವವಿದ್ಯಾಲಯ ಆ ವರ್ಷದ ಜುಲೈಯಲ್ಲಿ ಜಾಗ ಕೊಟ್ಟಿತು.

ಆದರೆ ಆ ಸೈನಿಕರನ್ನು ನಾವು ಹಗುರವಾಗಿ ಕಾಣಬಾರದು. ಅವರ ಮಾತಿನಲ್ಲಿಯೂ ಒಂದು ನೋವಿತ್ತು. ನಮ್ಮ ಗೆಳೆಯರು ಸತ್ತದ್ದು, ಜಪಾನು ಮೊದಲು ನಮ್ಮ ಮೇಲೆ ಬಿದ್ದದ್ದು, ಏಷ್ಯಾದ ದೇಶಗಳಲ್ಲಿ ಅದರ ಸೈನ್ಯ ಮಾಡಿದ ಕ್ರೌರ್ಯ, ಇದೆಲ್ಲ ಎಲ್ಲಿ ಹೋಯಿತು ಎಂದು ಅವರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ನಮ್ಮ ಭಕ್ತರಲ್ಲಿಯೂ ಸೈನ್ಯದಲ್ಲಿ ದುಡಿದವರಿದ್ದೀರಿ, ಮಕ್ಕಳನ್ನು ಗಡಿಗೆ ಕಳಿಸಿದವರಿದ್ದೀರಿ. ಸತ್ತ ಮಗುವಿನ ಸ್ಮರಣೆ ಮಾಡಿದರೆ ಸೈನಿಕನಿಗೆ ಅಗೌರವ ಎಂದು ಯಾರೂ ತಿಳಿಯಬಾರದು. ಮಗುವಿನ ಮುಂದೆ ಮೊದಲು ತಲೆ ತಗ್ಗಿಸುವವನು ನಿಜವಾದ ಸೈನಿಕನೇ.

ಹಿರೋಶಿಮಾದವರಿಗೂ ಈ ಪ್ರಶ್ನೆ ತಪ್ಪಲಿಲ್ಲ. ನಾವು ಸತ್ತೆವು, ನಾವು ಸತ್ತೆವು ಎಂದಷ್ಟೇ ಹೇಳಿದರೆ ಸಾಕೇ? ನಾವು ಏನು ಮಾಡಿದೆವು? ಅವರ ಊರು ಸೈನ್ಯದ ದೊಡ್ಡ ನೆಲೆಯಾಗಿತ್ತು, ಅಲ್ಲಿಂದ ಸೈನಿಕರು ಬೇರೆ ದೇಶಗಳನ್ನು ಗೆಲ್ಲಲು ಹೋಗಿದ್ದರು. 1994ರಲ್ಲಿ ಸಂಗ್ರಹಾಲಯಕ್ಕೆ ಇನ್ನೊಂದು ಕಟ್ಟಡ ಸೇರಿಸಿದಾಗ ಅದನ್ನೂ ಪ್ರದರ್ಶನದಲ್ಲಿ ಸೇರಿಸಿದರು. ಬಾಂಬಿನಲ್ಲಿ ಸತ್ತವರಲ್ಲಿ ಕೊರಿಯಾದವರೂ ಸಾವಿರಾರು ಜನ ಇದ್ದರು. ಜಪಾನು ಆಗ ಕೊರಿಯಾವನ್ನು ಆಳುತ್ತಿತ್ತು, ಅಲ್ಲಿಂದ ದುಡಿಸಿಕೊಳ್ಳಲು ಜನರನ್ನು ತರುತ್ತಿತ್ತು. ಅವರ ಸ್ಮಾರಕದ ಕಲ್ಲನ್ನು 1970ರಲ್ಲಿ ನಿಲ್ಲಿಸಿದ್ದು ಶಾಂತಿ ಉದ್ಯಾನದ ಹೊರಗೆ. ಒಳಗೆ ಬರುವುದಕ್ಕೆ 1999ರ ತನಕ ಕಾಯಬೇಕಾಯಿತು. ಒಂದೇ ಬೆಂಕಿಯಲ್ಲಿ ಬೆಂದವರಲ್ಲಿಯೂ ಒಳಗಿನವರು ಹೊರಗಿನವರು! ಜಾತಿಯ ರೋಗ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ.

ನಮ್ಮ ನಾಡಿನಲ್ಲಿಯೂ ಸತ್ತವರಿಗೆ ಕಲ್ಲು ನಿಲ್ಲಿಸುವ ಪದ್ಧತಿ ಬಹಳ ಹಳೆಯದು. ಊರ ಮುಂದೆ, ಹಳೆಯ ಗುಡಿಯ ಪಕ್ಕದಲ್ಲಿ ವೀರಗಲ್ಲು ನೋಡಿದ್ದೀರಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕುಳಿತಿರುವುದು. ತುರು ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು, ಊರು ಕಾಯುತ್ತ ಸತ್ತವನಿಗೆ ಕಲ್ಲು. ಒಳ್ಳೆಯದು. ಆ ಕಾಳಗದಲ್ಲಿ ಮನೆಗೆ ಬೆಂಕಿ ಬಿದ್ದು ತೊಟ್ಟಿಲಲ್ಲಿ ಸತ್ತ ಕೂಸಿಗೆ? ನಾವು ನೋಡಿದ ಎಷ್ಟೋ ವೀರಗಲ್ಲುಗಳಲ್ಲಿ ಅಂಥ ಒಂದು ಕೂಸನ್ನೂ ಕಂಡಿಲ್ಲ. ಅದು ಹೋರಾಡಲಿಲ್ಲವಲ್ಲ! ನಮ್ಮಲ್ಲಿ ಮಗು ಹುಟ್ಟಿದ ಕೂಡಲೆ ಲಿಂಗಧಾರಣೆ ಮಾಡುತ್ತೇವೆ. ಏನನ್ನೂ ಸಾಧಿಸದ, ಕಣ್ಣು ಕೂಡ ನೆಟ್ಟಗೆ ಬಿಡದ ಕೂಸಿಗೆ. ಸಾಧಿಸಿದ ಮೇಲೆ ಕೊಡೋಣ ಎಂದು ಕಾಯುವುದಿಲ್ಲ. ಮಗುವಿನ ಬೆಲೆ ಅದು ಮಾಡಿದ ಕೆಲಸದಿಂದ ಬಂದದ್ದಲ್ಲ ಎಂದು ಒಪ್ಪಿಕೊಂಡವರು ನಾವು. ಹಾಗಿದ್ದ ಮೇಲೆ ಅದರ ಸ್ಮಾರಕದ ವಿಷಯ ನಮಗೆ ಪರಕೀಯವಲ್ಲ.

ಜೆಕ್ ದೇಶದಲ್ಲಿ ಲಿಡಿಸೆ ಎಂಬ ಹಳ್ಳಿ ಇತ್ತು. ಹಿಟ್ಲರನ ಒಬ್ಬ ಮುಖ್ಯ ಅಧಿಕಾರಿಯನ್ನು ಯಾರೋ ಕೊಂದರೆಂದು 1942ರ ಜೂನಿನಲ್ಲಿ ಆ ಹಳ್ಳಿಯನ್ನೇ ನೆಲಸಮ ಮಾಡಿದರು. ಗಂಡಸರನ್ನು ಅಲ್ಲಿಯೇ ಗುಂಡಿಟ್ಟು ಕೊಂದರು, ಹೆಂಗಸರನ್ನು ಬಂದೀಖಾನೆಗೆ ಒಯ್ದರು. 82 ಮಕ್ಕಳನ್ನು ವಿಷದ ಹೊಗೆಯಲ್ಲಿ ಕೊಂದರು. ಮರೀ ಉಖಿತಿಲೋವಾ ಎಂಬ ಶಿಲ್ಪಿ ತಾಯಿ 1969ರಲ್ಲಿ ಆ ಮಕ್ಕಳ ಮೂರ್ತಿಗಳನ್ನು ಮಾಡಲು ಕುಳಿತಳು. ಒಂದು ಮೂರ್ತಿ ಮಾಡಿ ಕೆಳಗೆ 82 ಎಂದು ಬರೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳು 82 ಮೂರ್ತಿಗಳನ್ನೇ ಮಾಡಿದಳು, 42 ಹೆಣ್ಣು, 40 ಗಂಡು, ಪ್ರತಿಯೊಂದಕ್ಕೂ ಬೇರೆ ಮುಖ. ಇಪ್ಪತ್ತು ವರ್ಷ ಹಿಡಿಯಿತು. 1989ರಲ್ಲಿ ಅವಳು ತೀರಿಕೊಂಡಾಗ ಅವು ಇನ್ನೂ ಕಂಚಿಗೆ ಬಂದಿರಲಿಲ್ಲ. ಗಂಡ ಆ ಕೆಲಸವನ್ನು ಮುಂದುವರಿಸಿದ, 2000ದಲ್ಲಿ ಕೊನೆಯವು ನಿಂತವು. ಕಾಯಕ ಎಂದರೆ ಇದು.

ಜೆರುಸಲೇಮಿನಲ್ಲಿ ಹಿಟ್ಲರನ ಕಾಲದಲ್ಲಿ ಕೊಲೆಯಾದ ಸುಮಾರು 15 ಲಕ್ಷ ಯಹೂದಿ ಮಕ್ಕಳಿಗೆ 1987ರಲ್ಲಿ ಒಂದು ಸ್ಮಾರಕ ಮಾಡಿದ್ದಾರೆ. ಮೋಶೆ ಸಫ್ದಿ ಎಂಬುವರು ಅದನ್ನು ಕಟ್ಟಿದರು. ಗುಡ್ಡದೊಳಗೆ ಕತ್ತಲೆಯ ಕೋಣೆ. ಉರಿಯುವ ಮೇಣದ ಬತ್ತಿಗಳು ಕೆಲವೇ. ಸುತ್ತಲೂ ಕನ್ನಡಿಗಳಿರುವುದರಿಂದ ನಕ್ಷತ್ರಗಳಂತೆ ಲೆಕ್ಕವಿಲ್ಲದಷ್ಟಾಗಿ ಕಾಣುತ್ತವೆ. ಆ ಕತ್ತಲೆಯಲ್ಲಿ ಒಂದು ಧ್ವನಿ ಮಗುವಿನ ಹೆಸರು, ವಯಸ್ಸು, ದೇಶ ಹೇಳುತ್ತ ಹೋಗುತ್ತದೆ. ಅದಕ್ಕೆ ಹಣ ಕೊಟ್ಟ ದಂಪತಿಗಳ ಎರಡೂವರೆ ವರ್ಷದ ಮಗನೂ ಆ ಹೆಸರುಗಳಲ್ಲಿ ಒಬ್ಬ.

ಮಕ್ಕಳೇ, ಈಗ ನಿಮ್ಮ ಕೆಲಸಕ್ಕೆ ಬರೋಣ. ದೊಡ್ಡವರೇ ಇದನ್ನೆಲ್ಲ ಮಾಡಬೇಕೆಂದು ತಿಳಿಯಬೇಡಿ. ಸಡಾಕೊ ಸಸಾಕಿ ಎಂಬ ಹುಡುಗಿಯ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ಇಂದಿಗೆ ಗೊತ್ತಾಗಲಿ. ಬಾಂಬು ಬಿದ್ದಾಗ ಎರಡು ವರ್ಷದ ಕೂಸು. ಹೊರಗೆ ಗಾಯವಿರಲಿಲ್ಲ. ಚೆನ್ನಾಗಿ ಓಡುತ್ತಿದ್ದಳು, ಆಡುತ್ತಿದ್ದಳು. ಹನ್ನೆರಡನೆಯ ವಯಸ್ಸಿಗೆ ರಕ್ತದ ಕ್ಯಾನ್ಸರ್ ಬಂದು 1955ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಮಲಗಿಯೇ ಕಾಗದದ ಕೊಕ್ಕರೆಗಳನ್ನು ಮಡಿಸುತ್ತಿದ್ದಳು, ಔಷಧದ ಪೊಟ್ಟಣದ ಕಾಗದವನ್ನೂ ಬಿಡಲಿಲ್ಲ. ಅವಳ ತರಗತಿಯ ಮಕ್ಕಳು ಸುಮ್ಮನೆ ಕೂಡಲಿಲ್ಲ. ಸತ್ತ ಎಲ್ಲ ಮಕ್ಕಳಿಗೂ ಒಂದು ಸ್ಮಾರಕ ಬೇಕೆಂದು ಹೊರಟರು. ಜಪಾನಿನ 3,200ಕ್ಕೂ ಹೆಚ್ಚು ಶಾಲೆಗಳಿಂದ, ಒಂಬತ್ತು ದೇಶಗಳಿಂದ ಹಣ ಬಂತು. 1958ರ ಮೇ 5ರಂದು, ಅವರ ಮಕ್ಕಳ ಹಬ್ಬದ ದಿನ, ಸ್ಮಾರಕ ನಿಂತಿತು. ಅದನ್ನು ಎಬ್ಬಿಸಿದವರು ನಿಮ್ಮ ವಯಸ್ಸಿನವರು. ನೀವೂ ಕೊಕ್ಕರೆ ಮಡಿಸುತ್ತೇವೆ ಎಂದಿರಿ. ಮಡಿಸಿ. ಹೊಸ ಬಣ್ಣದ ಕಾಗದಕ್ಕೆ ಹಣ ಹಾಕಬೇಡಿ, ಕಳೆದ ವರ್ಷದ ನೋಟುಬುಕ್ಕಿನ ಹಾಳೆ ಸಾಕು.

ಆದರೆ ಕೊಕ್ಕರೆ ತೂಗುಹಾಕಿದರೆ ಪ್ರದರ್ಶನವಾಯಿತೆಂದು ತಿಳಿಯಬೇಡಿ. ಒಂದೇ ಕೋಣೆ ಸಾಕು. ಹತ್ತು ಮಕ್ಕಳನ್ನು ಆರಿಸಿಕೊಳ್ಳಿ, ನೂರು ಬೇಡ. ಒಬ್ಬೊಬ್ಬರಿಗೆ ಒಂದು ಹಾಳೆ. ಹೆಸರನ್ನು ಎಲ್ಲಕ್ಕಿಂತ ದೊಡ್ಡದಾಗಿ ಬರೆಯಿರಿ, ಆಮೇಲೆ ವಯಸ್ಸು, ಊರು, ಆ ಮಗುವಿನ ಬಗ್ಗೆ ಖಚಿತವಾಗಿ ಗೊತ್ತಿರುವ ಎರಡು ಮಾತು. ಗೊತ್ತಿಲ್ಲದ್ದನ್ನು ಚೆಂದ ಕಾಣಲೆಂದು ಸೇರಿಸಬೇಡಿ, ಅದು ಸತ್ತವರಿಗೆ ಮಾಡುವ ಮೋಸ. ಹಾಳೆಗಳನ್ನು ಸಣ್ಣ ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ, ದೊಡ್ಡವರು ಬಗ್ಗಿ ಓದಲಿ. ಬಗ್ಗುವುದರಿಂದ ದೊಡ್ಡವರಿಗೇನೂ ನಷ್ಟವಿಲ್ಲ. ಸುಟ್ಟ ದೇಹದ ಚಿತ್ರ ಒಂದೂ ಬೇಡ. ಡಬ್ಬಿಯನ್ನು ಬೆಂಕಿಗೆ ಹಿಡಿದು ಕಪ್ಪು ಮಾಡಿ ಇಡುತ್ತೇವೆ ಎಂದು ಒಬ್ಬ ಹೇಳಿದ. ಬೇಡಪ್ಪ. ಅದು ನಾಟಕವಾಗುತ್ತದೆ. ನಿಮ್ಮದೇ ಒಂದು ಡಬ್ಬಿಯನ್ನು, ತೊಳೆದು, ಮುಚ್ಚಳ ಮುಚ್ಚಿ, ಮೇಜಿನ ಮೇಲೆ ಇಡಿ. ಪಕ್ಕದಲ್ಲಿ ಶಿಗೇರುವಿನ ಕತೆ ಬರೆದಿಡಿ. ಸಾಕು. ಮೋಡಕ್ಕೆ ಬಣ್ಣ ಹಾಕಿದ ಹುಡುಗನಿಗೆ ಹತ್ತು ಹೆಸರುಗಳನ್ನು ದುಂಡಾಗಿ ಬರೆಯುವ ಕೆಲಸ ಕೊಟ್ಟಿದ್ದೇವೆ. ಅವನ ಅಕ್ಷರ ಚೆನ್ನಾಗಿದೆ.

ಹತ್ತು ಮಕ್ಕಳೂ ಹಿರೋಶಿಮಾದವರೇ ಆಗಬೇಕೆಂದಿಲ್ಲ. ಲಿಡಿಸೆಯ ಮಗುವೂ ಇರಲಿ, ಕೊರಿಯಾದ ಮಗುವೂ ಇರಲಿ, ಜಪಾನಿನ ಸೈನ್ಯದಿಂದ ಸತ್ತ ಚೀನಾದ ಮಗುವೂ ಇರಲಿ. 2022ರಿಂದ ಈಚೆಗೆ ಉಕ್ರೇನಿನಲ್ಲಿ, 2023ರಿಂದ ಈಚೆಗೆ ಸುಡಾನಿನಲ್ಲಿ, ಇಸ್ರೇಲಿನಲ್ಲಿ, ಗಾಜಾದಲ್ಲಿ ಮಡಿದ ಮಕ್ಕಳಿದ್ದಾರೆ. ಯಾವ ಕಡೆಯ ಮಗು ಎಂದು ನೋಡಿ ಆರಿಸಬೇಡಿ, ಯಾವ ಕಡೆಯ ಮಗು ಎಂದು ನೋಡಿ ಬಿಡಲೂ ಬೇಡಿ. ಯಾರು ಕೊಂದರು ಎಂಬುದನ್ನು ಮುಚ್ಚಿಡಬಾರದು, ಇದ್ದದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. ಆದರೆ ನೋಡಿದವನು ಹೊರಗೆ ಹೋಗುವಾಗ ಆ ದೇಶದವರನ್ನು ಬಯ್ಯುತ್ತ ಹೋದರೆ ಪ್ರದರ್ಶನ ಕೆಟ್ಟಿತು ಎಂದು ತಿಳಿಯಿರಿ. ಸತ್ತ ಮಗುವನ್ನು ತೋರಿಸಿ ಇನ್ನೊಂದು ಮಗುವನ್ನು ಕೊಲ್ಲುವ ಸಿಟ್ಟು ಎಬ್ಬಿಸುವುದು ಜಗತ್ತಿನಲ್ಲಿ ಬಹಳ ನಡೆದಿದೆ. ಮಗುವಿಗೆ ಅದು ಎರಡನೆಯ ಸಾವು.

ಒಂದು ಸಂಗತಿ ನೆನಪಿಡಿ. ಹಿರೋಶಿಮಾ ಮತ್ತು ನಾಗಸಾಕಿಯಲ್ಲಿ ಬಾಂಬಿಗೆ ಸಿಕ್ಕು ಬದುಕಿ, ಸರಕಾರದ ಲೆಕ್ಕದಲ್ಲಿರುವವರು 2025ರ ಮಾರ್ಚಿನಲ್ಲಿ ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕಡಿಮೆಯಾದರು. ಅವರ ಸರಾಸರಿ ವಯಸ್ಸು 86. ಅವರ ಸಂಘಕ್ಕೆ 2024ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂತು, ಬಹಳ ತಡವಾಗಿ. ಇನ್ನು ಕೆಲವು ವರ್ಷಗಳಲ್ಲಿ ನಾನು ಕಂಡೆ ಎಂದು ಹೇಳುವವರು ಇರುವುದಿಲ್ಲ. ಆ ಮೇಲೆ ಡಬ್ಬಿ, ಸೈಕಲ್ಲು, ಅಂಗಿ ಇವೇ ಉಳಿಯುತ್ತವೆ, ಮತ್ತು ಅವುಗಳ ಪಕ್ಕದಲ್ಲಿ ಯಾರೋ ಬರೆದಿಟ್ಟ ಹೆಸರು.

ಪ್ರದರ್ಶನದ ದಿನ ಊರವರೆಲ್ಲ ಹೋಗಿ ಬನ್ನಿ. ನಾವೂ ಬರುತ್ತೇವೆ. ಬಾಗಿಲಲ್ಲಿ ಗದ್ದಲ ಮಾಡಬೇಡಿ, ಐದೈದು ಜನರಂತೆ ಒಳಗೆ ಹೋಗಿ. ಅಲ್ಲಿ ಭಾಷಣವಿರುವುದಿಲ್ಲ, ಹಾರ ತುರಾಯಿ ಇರುವುದಿಲ್ಲ, ನಮಗೂ ತರಬೇಡಿ. ವಯಸ್ಸಾದ ತಾಯಂದಿರಿಗೆ ಕುಳಿತುಕೊಳ್ಳಲು ಎರಡು ಬೆಂಚು ಹಾಕಿರೆಂದು ಹುಡುಗರಿಗೆ ಹೇಳಿದ್ದೇವೆ.

ಹೊತ್ತಾಯಿತು. ಮಂಗಲವಾದ ಮೇಲೆ ಪ್ರಸಾದದ ವ್ಯವಸ್ಥೆ ಆಗಿದೆ. ಇಂದು ಸಣ್ಣ ಮಕ್ಕಳ ಪಂಕ್ತಿ ಮೊದಲು ಕೂಡಲಿ, ದೊಡ್ಡವರು ಬಡಿಸಲು ನಿಲ್ಲಿ.